ತಂಗಿಯ ಎಡಗೆನ್ನೆ

ಬೀದಿಯವರೆಲ್ಲ ಅವಳನ್ನು ಗದ್ದದಕ್ಕ ಅಂತಲೇ ಕರೆಯುತ್ತಿದ್ದರು. ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಯುವ ಸ್ಟುಡಿಯೊ ಅವಳದು. ಸ್ಟೂಲಿನ ಮೇಲೆ ಕೂತವರು ವಕೀಲರಿರಲಿ, ಹಾಲಿನವನಿರಲಿ, "ಗದ್ದ ಸ್ವಲ್ಪ ಮೇಲೆ" ಅಂತ ಗದರಿ, ಕಾಲರ್ ಎಳೆದು ಸರಿಮಾಡಿ, "ರೆಡೀ" ಅಂದು ಬಟನ್ ಒತ್ತುವುದು ಅವಳ ಕ್ರಮ. ಆ ಸ್ಟೂಲಿನ ಮೇಲೆ ಕೂತು ನಕ್ಕವರು ಯಾರೂ ಇಲ್ಲ.

ಇಂಥವಳು ನಲವತ್ತು ದಾಟಿದ ಮೇಲೆ ಡಾಕ್ಯುಮೆಂಟರಿ ಫೋಟೊಗ್ರಫಿ ಕಾರ್ಯಾಗಾರಕ್ಕೆ ಸೇರುತ್ತೇನೆ ಅಂದಾಗ ಗಂಡನಿಗೆ ನಗು ತಡೆಯಲಾಗಲಿಲ್ಲ.

"ಇಷ್ಟು ವರ್ಷ ತೆಗೆದಿದ್ದೆಲ್ಲ ಫೋಟೊ ಅಲ್ವಾ ಹಾಗಾದ್ರೆ?"

"ಅದು ಬರೀ ಮುಖ. ಕೆಲಸ ಮಾಡ್ತಾ, ಜಗಳ ಆಡ್ತಾ ಇರೋ ಜನರನ್ನ ತೆಗೀಬೇಕು ನಾನು," ಅಂದಳು. ಅವಳು ಒಮ್ಮೆ ಮನಸ್ಸು ಮಾಡಿದಳೆಂದರೆ ಮುಗಿಯಿತು, ಹಿಡಿದ ಪಟ್ಟು ಬಿಡುವ ಜಾಯಮಾನ ಅವಳದಲ್ಲ. ಗಂಡ ಸ್ಟುಡಿಯೊದ ಬೀಗದ ಕೈ ತಾನೇ ಇಸಕೊಂಡ.

ಕಾರ್ಯಾಗಾರ ನಡೆಸುತ್ತಿದ್ದ ಮೇಡಂ ಬಿಳಿ ಕೂದಲಿನ ಕುಳ್ಳಗಿನ ಹೆಂಗಸು. ಗಣಿ, ಬಂದರು, ಆಸ್ಪತ್ರೆ ಅಂತ ಜೀವಮಾನವೆಲ್ಲ ಸುತ್ತಿ ಚಿತ್ರ ತೆಗೆದವರು, ಮಾತಿನಲ್ಲಿ ಮಾತ್ರ ಮಹಾ ಜಿಪುಣಿ. ಮೊದಲ ದಿನವೇ ನಿಯಮ ಹೇಳಿಬಿಟ್ಟರು. ಒಬ್ಬೊಬ್ಬರಿಗೆ ಒಂದೊಂದು ಕೆಲಸದ ಜಾಗ. ಕೊನೆಯ ದಿನ ಗೋಡೆಗೆ ಒಬ್ಬೊಬ್ಬರದೂ ಒಂದೇ ಚಿತ್ರ. ಅದರಲ್ಲಿರುವವರು ಮೊದಲು ಅದನ್ನು ನೋಡಿ ಒಪ್ಪಿರಬೇಕು, ಒಪ್ಪದಿದ್ದರೆ ಆ ಚಿತ್ರ ಗೋಡೆಗೆ ಇಲ್ಲ. ಗೋಡೆಗೆ ಬಂದವರಲ್ಲಿ ಒಬ್ಬರನ್ನು ಮೇಡಂ ತಮ್ಮ ಜೊತೆ ಒಂದು ವರ್ಷ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ. ಆ ಒಬ್ಬಳು ತಾನೇ ಆಗಬೇಕು ಅಂತ ಗದ್ದದಕ್ಕ ಕೂತಲ್ಲೇ ತೀರ್ಮಾನ ಮಾಡಿಕೊಂಡಳು.

ಅವಳು ಆರಿಸಿಕೊಂಡದ್ದು ಆಸ್ಪತ್ರೆಗಳ ಬೆಡ್‌ಶೀಟು ಒಗೆಯುವ ದೊಡ್ಡ ಲಾಂಡ್ರಿ. ಅಲ್ಲಿ ಅವಳ ತಂಗಿಗೆ ಇಸ್ತ್ರಿ ಮಷೀನಿನ ಕೆಲಸ. ಮೊದಲ ಕಂತಿನ ಚಿತ್ರಗಳನ್ನು ಮೇಜಿನ ಮೇಲೆ ಹರವಿಕೊಂಡು ಮೇಡಂ ಕೇಳಿದ್ದು ಒಂದೇ ಮಾತು: "ಇವರೆಲ್ಲ ಯಾಕೆ ಉಸಿರು ಬಿಗಿಹಿಡಿದಿದ್ದಾರೆ?"

ಮರುದಿನ ಮೇಡಂ ತಾವೇ ಲಾಂಡ್ರಿಗೆ ಬಂದು, ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತರು.

"ಕ್ಯಾಮೆರಾ ಎತ್ತಿದಾಗಲೆಲ್ಲ ನೀವು ರೆಡೀ ಅಂತೀರಿ," ಅಂದರು. "ಅಂದ ತಕ್ಷಣ ಇಡೀ ಲಾಂಡ್ರಿ ಗೊಂಬೆ ಆಗುತ್ತೆ."

ಎಲ್ಲರೂ ಬಿದ್ದುಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ತಂಗಿ. ಗದ್ದದಕ್ಕ ಮಾತ್ರ ಹಲ್ಲಿನ ನಡುವೆ ಕರ್ಚೀಫು ಕಚ್ಚಿಕೊಂಡು ಮತ್ತೆ ಶುರುಮಾಡಿದಳು. ಬಾಯಿ ಸುಮ್ಮನಾಯಿತು, ಕೈ ಸುಮ್ಮನಾಗಬೇಕಲ್ಲ. ಯಾರ ಸೆರಗು ಜಾರಿದ್ದು ಕಂಡರೂ ಸರಿಮಾಡಲು ಮುಂದೆ ಹೋಗುತ್ತಿತ್ತು.

"ಆ ಕೈಗಳಿಗೆ ಕೆಲಸ ಕೊಡಿ," ಅಂದು ಮೇಡಂ ಎದ್ದು ಹೋದರು.

ಅವಳು ಕ್ಯಾಮೆರಾ ಚೀಲಕ್ಕೆ ಹಾಕಿ ಶೀಟಿನ ತುದಿ ಹಿಡಿದಳು. ಎದುರು ಬದುರು ಇಬ್ಬರು ನಿಂತು, ಎಳೆದು, ಒಂದಾಗಿ ನಡೆದು ಬಂದು ಮಡಿಸುವ ಕೆಲಸ. ಅಂಗೈ ಕೆಂಪಾದವು, ಸೊಂಟ ಹಿಡಿಯಿತು. ಯಾರು ಯಾವಾಗ ರೇಗುತ್ತಾರೆ, ಯಾವಾಗ ಬೆನ್ನು ನೇರ ಮಾಡಿ ಕಿಟಕಿಯ ಕಡೆ ನೋಡುತ್ತಾರೆ ಅನ್ನುವುದೆಲ್ಲ ಅವಳಿಗೆ ಹಾಗೆ ಗೊತ್ತಾಗುತ್ತಾ ಬಂತು. ಒಂದು ಬೆಳಿಗ್ಗೆ ತಂಗಿ ಕೂದಲನ್ನು ಎತ್ತಿ ಗಂಟು ಹಾಕಿಕೊಂಡು, ಗಾಡಿ ತಳ್ಳುವವನನ್ನು ಬೈಯುತ್ತಾ ಬೈಯುತ್ತಲೇ ನಕ್ಕುಬಿಟ್ಟಳು. ಗದ್ದದಕ್ಕ ತುಟಿಪಿಟಕ್ಕೆನ್ನದೆ ಬಟನ್ ಒತ್ತಿದಳು. ಕಿಟಕಿಯ ಬೆಳಕೆಲ್ಲ ತಂಗಿಯ ಎಡಗೆನ್ನೆಯ ಮೇಲಿತ್ತು.

ಆ ಕೆನ್ನೆಯ ಮೇಲೆ ಮದುವೆಗೆ ಮುಂಚೆ ಬೇರೊಂದು ಕಾರ್ಖಾನೆಯಲ್ಲಿ ಉಗಿ ಕೊಳವೆ ಸಿಡಿದು ಸುಟ್ಟ ಕಲೆಯಿದೆ. ಅದಾದ ಮೇಲೆ ಗದ್ದದಕ್ಕ ತಂಗಿಯನ್ನು ಬಲಗೆನ್ನೆ ಕಾಣುವ ಹಾಗೆ ತಿರುಗಿಸದೆ ಒಂದು ಫೋಟೊವನ್ನೂ ತೆಗೆದಿರಲಿಲ್ಲ. ಮುಖ ನೇರ ಇರಲೇಬೇಕಾದ ಲಾಂಡ್ರಿಯ ಗುರುತಿನ ಚೀಟಿಯ ಫೋಟೊದಲ್ಲಿ ಮಾತ್ರ ಕಲೆಯನ್ನು ಕಂಪ್ಯೂಟರಿನಲ್ಲಿ ಎಷ್ಟು ನುಣ್ಣಗೆ ಒರೆಸಿದ್ದಳೆಂದರೆ, ಗೇಟಿನವನು ಫೋಟೊದಲ್ಲಿರುವವಳನ್ನು ಕರೆದುಕೊಂಡು ಬಾ ಅಂತ ತಂಗಿಯನ್ನೇ ವಾಪಸ್ ಕಳಿಸಿದ್ದ. ಮನೆಯವರೆಲ್ಲ ಅದನ್ನು ಹೇಳಿಕೊಂಡು ನಕ್ಕಿದ್ದರು.

ಮೇಡಂ ಈ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಇದು ಚಿತ್ರ. ತಂಗಿ ನೋಡಿದಳಾ?"

ಸಂಜೆ ತಂಗಿ ತನ್ನ ಮನೆಯ ಮೆಟ್ಟಿಲ ಮೇಲೆ ಕೂತು ಅದನ್ನು ನೋಡಿದಳು.

"ಬೇಡ ಅಕ್ಕ."

"ಎಷ್ಟು ಚೆನ್ನಾಗಿ ಬಂದಿದೆ ಕಣೇ."

"ಚೆನ್ನಾಗೇ ಇದೆ. ನನ್ನ ಮದುವೇಲೂ ಈ ಕಡೆ ತಿರುಗು ಅಂದೆ ನೀನು, ತಿರುಗಿದೆ ನಾನು. ಈಗ ನಿನ್ನ ಮೇಡಂಗೆ ಬೇಕು ಅಂತ ಆ ಕಡೆಯಿಂದ ತೆಗೆದೆ. ನನ್ನ ಮುಖ ಯಾವತ್ತು ನಂದಾಗಿತ್ತು ಹೇಳು?"

ಗದ್ದದಕ್ಕನಿಗೆ ತನ್ನ ಬಗ್ಗೆ ತನಗೇ ಅಸಹ್ಯವಾಯಿತು. ಆದರೂ ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳನ್ನು ಕಾಡಿದ್ದು ಬೇರೆಯೇ ಯೋಚನೆ. ಒಪ್ಪಿದಳು ಅಂತ ಒಂದು ಸುಳ್ಳು ಹೇಳಿದರೆ ಸಾಕು, ಆ ಒಂದು ವರ್ಷ ತನ್ನದೇ. ಯಾರು ಬಂದು ವಿಚಾರಿಸುತ್ತಾರೆ? ಮನೆ ಮುಟ್ಟುವ ಹೊತ್ತಿಗೆ ಆ ಯೋಚನೆಯ ಕತ್ತು ಹಿಸುಕಿದ್ದಳು.

ಕೊನೆಯ ದಿನ ಗೋಡೆಯ ಮೇಲೆ ಅವಳ ಜಾಗ ಬೋಳಾಗಿತ್ತು. ಮೇಡಂ ಬಸ್ ಡಿಪೊ ಚಿತ್ರ ತೆಗೆದವನನ್ನು ಆರಿಸಿದರು.

"ಅವಳು ಒಪ್ಪಲಿಲ್ಲ ಮೇಡಂ," ಅಂದಳು ಗದ್ದದಕ್ಕ. ಹೇಳುವಾಗ ಅಳು ಒತ್ತಿಕೊಂಡು ಬಂತು.

"ಮುಂದೆ?"

"ನಾಳೆ ಲಾಂಡ್ರಿಗೆ ಹೋಗ್ತೀನಿ."

ಬೆಳಿಗ್ಗೆ ತಂಗಿ ಅವಳನ್ನು ಕಂಡು ಹುಬ್ಬು ಗಂಟಿಕ್ಕಿದಳು. "ಎಲ್ಲ ಮುಗೀತಲ್ಲ, ಮತ್ಯಾಕೆ ಬಂದೆ?"

"ನನ್ನ ಕೆಲಸ ಮುಗಿದಿಲ್ಲ."

ತಂಗಿ ಶೀಟಿನ ಒಂದು ತುದಿಯನ್ನು ಅವಳ ಕೈಗೆ ತುರುಕಿದಳು. ಊಟದ ಹೊತ್ತಿನವರೆಗೂ ಇಬ್ಬರೂ ಮಡಿಸಿದರು. ಗದ್ದದಕ್ಕ ಕ್ಯಾಮೆರಾ ಮುಟ್ಟಲಿಲ್ಲ.

"ಇವತ್ತು ಯಾವ ಕಡೆ ತಿರುಗಿಸ್ತೀಯ ನನ್ನ?" ಕೊನೆಗೆ ತಂಗಿಯೇ ಕೇಳಿದಳು.

"ನಾನು ತಿರುಗಿಸಲ್ಲ."

ತಂಗಿ ಬೆವರು ಒರೆಸಿಕೊಂಡಳು. ಗಾಡಿಯನ್ನು ಪಕ್ಕಕ್ಕೆ ನೂಕಿ, ಕಿಟಕಿಯ ಬಳಿ ಹೋಗಿ, ಎಡಗೆನ್ನೆಯನ್ನು ಬೆಳಕಿಗೆ ಕೊಟ್ಟು ನಿಂತಳು. ಗದ್ದದಕ್ಕ ಕ್ಯಾಮೆರಾ ಎತ್ತಿಕೊಂಡು ಕಾದಳು. ತಂಗಿ ಅಕ್ಕನನ್ನೇ ನೆಟ್ಟ ನೋಟದಿಂದ ನೋಡಿ, "ಈಗ ತೆಗಿ," ಅಂದಳು.