ವಾಸಿಯಾಗದವರ ಮನೆ ಬಾಗಿಲು ತಟ್ಟಿದ ವೈದ್ಯೆ

ಮನುಷ್ಯರ ನೋವನ್ನು ಬಲ್ಲವರು ನಮ್ಮ ಪ್ರಾಂತದಲ್ಲಿ ಬಹಳ ಮಂದಿ ಇದ್ದಾರೆ. ದೇವರ ನ್ಯಾಯದ ಬಗ್ಗೆ ಮಾತನಾಡಬಲ್ಲವರು ಅದಕ್ಕಿಂತಲೂ ಹೆಚ್ಚು ಮಂದಿ ಇದ್ದಾರೆ. ಆದರೆ ಇವೆರಡನ್ನೂ ಒಟ್ಟಿಗೆ ಎದುರಿಗಿಟ್ಟುಕೊಂಡು, ಒಂದರಿಂದ ಇನ್ನೊಂದನ್ನು ಮುಚ್ಚಿಹಾಕದೆ, ಮೂವತ್ತಮೂರು ವರ್ಷ ತಾಳ್ಮೆಯಿಂದ ನೋಡುತ್ತ ಬಂದವರು ಡಾ. ಇಂಕೊರೊನಾತಾ ತೆಲೆಸ್ಕಾ ಅವರೊಬ್ಬರೇ ಎಂದರೆ ಅತಿಶಯೋಕ್ತಿಯಾಗಲಾರದು. ಬಜಿಲಿಕಾತಾ ಸೀಮೆಯ ಸೆರ್ರಾಲ್ತಾ ಬೆಟ್ಟದ ಮರಿಯಮ್ಮನವರ ಕ್ರೈಸ್ತ ಪುಣ್ಯಕ್ಷೇತ್ರದಲ್ಲಿ, ಹರಕೆ ಹೊತ್ತು ಬಂದ ಮೇಲೆ ತಮಗೆ ವಾಸಿಯಾಯಿತೆಂದು ಹೇಳಿಕೊಳ್ಳುವವರನ್ನು ಪರಿಶೀಲಿಸುವ ವೈದ್ಯಕೀಯ ಮಂಡಳಿಗೆ ಅವರು ೧೯೮೬ರಿಂದ ಈ ವರ್ಷದ, ಅಂದರೆ ೨೦೧೯ರ, ಜೂನ್ ತಿಂಗಳವರೆಗೆ ಕಾರ್ಯದರ್ಶಿಗಳಾಗಿದ್ದರು. ಎಪ್ಪತ್ತೈದು ತುಂಬಿದ ಈ ಸಂದರ್ಭದಲ್ಲಿ ಅವರು ಆ ಹೊಣೆಯಿಂದ ಬಿಡುಗಡೆ ಪಡೆದಿದ್ದು, ಅವರ ಸಹೋದ್ಯೋಗಿಗಳೂ ರೋಗಿಗಳೂ ಸೇರಿ ಈ ಸಂಪುಟವನ್ನು ಅರ್ಪಿಸುತ್ತಿದ್ದಾರೆ.

ಅವರ ತಂದೆ ಹೇಸರಗತ್ತೆಗಳಿಗೆ ಲಾಳ ಹೊಡೆಯುತ್ತಿದ್ದವರು. ಕುಂಟುವ ಪ್ರಾಣಿಯನ್ನು ಯಾರಾದರೂ ಹಿಡಿದುಕೊಂಡು ಬಂದರೆ ನೋಯುವ ಕಾಲಿನ ಜೊತೆಗೆ ನೆಟ್ಟಗಿರುವ ಮೂರು ಕಾಲುಗಳನ್ನೂ ಎತ್ತಿ ನೋಡುತ್ತಿದ್ದರಂತೆ. ಮಗಳು ಅದನ್ನು ನೋಡುತ್ತ ಬೆಳೆದರು. ಸನ್ಯಾಸಿನಿಯರ ಶಾಲೆಯಲ್ಲಿ ಪ್ರಶ್ನೆ ಕೇಳಿ ಕೇಳಿ ಬೆಂಚಿನ ಕೊನೆಗೆ ತಳ್ಳಿಸಿಕೊಂಡರು. ನೇಪಲ್ಸ್‌ನಲ್ಲಿ ವೈದ್ಯಶಾಸ್ತ್ರ ಓದಿದರು. ಅಲ್ಲಿಯೇ ಉಳಿಯುವ ಅವಕಾಶವಿದ್ದರೂ ಊರಿನ ಕಡೆಗೇ ಮರಳಿ ಜಿಲ್ಲಾ ಆಸ್ಪತ್ರೆ ಸೇರಿದರು. ಅವರನ್ನು ಮಂಡಳಿಗೆ ಕರೆತಂದವರು ಧರ್ಮಾಧ್ಯಕ್ಷರ ಪ್ರತಿನಿಧಿಯಾಗಿದ್ದ ಹಿರಿಯ ಗುರು ಎತ್ತೊರೆ ಸಾಂತಾರ್ಸಿಯೆರೊ. "ನಿಮಗೆ ನಂಬಿಕೆ ಇದೆ, ಆದ್ರೆ ಬೇಗ ನಂಬೋ ಚಟ ಇಲ್ಲ. ಅಂಥವ್ರೇ ನಮಗೆ ಬೇಕು," ಎಂದು ಅವರು ಹೇಳಿದ್ದನ್ನು ಡಾ. ತೆಲೆಸ್ಕಾ ಇಂದಿಗೂ ನೆನೆದು ನಗುತ್ತಾರೆ.

ಅವರ ವಿಚಾರಣೆಯ ರೀತಿ ಬೇರೆಯೇ ಆಗಿತ್ತು. ೧೯೮೯ರಲ್ಲಿ ರೊಕ್ಕೊ ಪಾಫುಂದಿ ಎಂಬ ಕಲ್ಲುಕುಟಿಗ, ಹನ್ನೆರಡು ವರ್ಷದ ಮೊಣಕಾಲು ನೋವು ಮರಿಯಮ್ಮನವರ ಪಾದ ಮುಟ್ಟಿದ ವಾರದಲ್ಲೇ ಹೋಯಿತೆಂದು ಹೇಳಿಕೊಂಡು ಬಂದ. ಡಾ. ತೆಲೆಸ್ಕಾ ಒಂದೂವರೆ ಗಂಟೆ ಅವನ ಊಟ, ನಿದ್ರೆ, ಕೆಲಸ ಎಲ್ಲ ವಿಚಾರಿಸಿ, ಅದೇ ವಾರ ಅವನು ಮೂರನೆಯ ಮಹಡಿಯ ಮನೆ ಬಿಟ್ಟು ನೆಲಮಟ್ಟದ ಮನೆಗೆ ಬಂದಿದ್ದಾನೆಂಬುದನ್ನು ಪತ್ತೆ ಮಾಡಿದರು.

"ಮೆಟ್ಟಿಲು ತಪ್ಪಿತಲ್ಲ ರೊಕ್ಕೊ, ಅದಕ್ಕೇ ಇರಬೇಕು," ಎಂದರು.

"ಆ ಮನೆ ಕೊಡಿಸಿದ್ದೇ ಮರಿಯಮ್ಮ ಯಾಕಾಗಿರಬಾರ್ದು ಡಾಕ್ಟ್ರಮ್ಮ?" ಎಂದ ರೊಕ್ಕೊ.

ಡಾ. ತೆಲೆಸ್ಕಾ ಅವನ ಅರ್ಜಿಯನ್ನು ತಿರಸ್ಕರಿಸಿದರು. ಅಂಚಿನಲ್ಲಿ ಮಾತ್ರ 'ಒಳ್ಳೆಯ ಪ್ರಶ್ನೆ' ಎಂದು ಬರೆದಿಟ್ಟರು. ಅವರ ಕೊಠಡಿಯಿಂದ ಯಾರೂ ಸುಳ್ಳುಗಾರರೆನ್ನಿಸಿಕೊಂಡು ಹೊರಗೆ ಬಂದದ್ದಿಲ್ಲ. ಬಂದವರಿಗೆಲ್ಲ ತಾವೇ ಕಾಫಿ ಕಾಯಿಸಿ ಕೊಡುತ್ತಿದ್ದರು.

ಅವರ ಸೇವೆಯ ದಿಕ್ಕನ್ನೇ ಬದಲಿಸಿದ ಪ್ರಕರಣ ೧೯೯೪ರದು. ಇದರಲ್ಲಿ ಬರುವ ಇಬ್ಬರು ತಾಯಂದಿರೂ ಸ್ವತಃ ಒಪ್ಪಿಗೆ ಕೊಟ್ಟಿರುವುದರಿಂದ ಇಲ್ಲಿ ಬರೆಯಲು ಸಾಧ್ಯವಾಗಿದೆ.

ಬೆಟ್ಟದ ಕೆಳಗಿನ ಒಂದೇ ಊರಿನ ಇಬ್ಬರು ಹುಡುಗಿಯರು, ಹತ್ತು ವರ್ಷದ ದೊನಾತಾ ಲೊವಾಲ್ಲೊ ಮತ್ತು ಹನ್ನೊಂದರ ರೊಸಾಲ್ಬಾ ಪಿಯೆತ್ರಾಫೆಸಾ, ಆಸ್ಪತ್ರೆಯ ಒಂದೇ ಕೋಣೆಯಲ್ಲಿ ಅಕ್ಕಪಕ್ಕದ ಮಂಚದಲ್ಲಿದ್ದರು. ಇಬ್ಬರಿಗೂ ಎಲುಬಿನ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಿದ ಕಾಯಿಲೆ, ಇಬ್ಬರಿಗೂ ಒಂದೇ ಔಷಧ; ಹತ್ತು ತಿಂಗಳಾದರೂ ಇಬ್ಬರಿಗೂ ಗುಣವಿಲ್ಲ. ಸೆಪ್ಟೆಂಬರ್ ಎಂಟರ ಹಬ್ಬಕ್ಕೆ ಇಬ್ಬರನ್ನೂ ಒಂದೇ ಬಸ್ಸಿನಲ್ಲಿ ಬೆಟ್ಟಕ್ಕೆ ಕರೆದೊಯ್ದರು. ಮಕ್ಕಳು ಬಸ್ಸಿನಲ್ಲಿ ಮೇಲೆ ಹೋದರೆ, ತಾಯಂದಿರು ಕೊನೆಯ ಐದು ಕಿಲೋಮೀಟರ್ ಬರಿಗಾಲಿನಲ್ಲಿ ನಡೆಯುತ್ತೇವೆಂದು ಹರಕೆ ಹೊತ್ತಿದ್ದರು. ನವೆಂಬರ್‌ನಲ್ಲಿ ದೊನಾತಾಳ ರಕ್ತ ತಾನಾಗಿಯೇ ಏರತೊಡಗಿತು. ಡಿಸೆಂಬರ್‌ನಲ್ಲಿ ರೊಸಾಲ್ಬಾ ತೀರಿಕೊಂಡಳು.

ಸುದ್ದಿ ಸೀಮೆಯಲ್ಲೆಲ್ಲ ಹರಡಿತು. ದೊನಾತಾಳ ತಾಯಿ ಫಿಲಿಪ್ಪಾ ಬರಿಗಾಲಿನಲ್ಲಿ ಬೆಟ್ಟ ಹತ್ತಿದ್ದು ಮನೆಮನೆಯ ಮಾತಾಯಿತು. ಪುಣ್ಯಕ್ಷೇತ್ರದ ಮುಖ್ಯ ಗುರುಗಳಾದ ಜೆರಾರ್ದೊ ಅವರು 'ತಾಯಿಯ ಅಚಲ ವಿಶ್ವಾಸಕ್ಕೆ ದೊರೆತ ಪ್ರತಿಫಲ' ಎಂಬ ಅಮೃತಶಿಲೆಯ ಫಲಕಕ್ಕೆ ಜಾಗವನ್ನೂ ಗುರುತು ಮಾಡಿದರು. ಉಳಿದದ್ದು ಮಂಡಳಿಯ ವರದಿಯೊಂದೇ.

ಡಾ. ತೆಲೆಸ್ಕಾ ಎರಡು ವರ್ಷ ಆ ಕಡತ ಬಿಡಲಿಲ್ಲ. ರಕ್ತದ ಮಾದರಿಗಳನ್ನು ಇಬ್ಬರು ತಜ್ಞರಿಗೆ ಕಳಿಸಿದರು. ಇಬ್ಬರೂ ಕಾರಣ ಹೇಳಲಾರೆವು ಎಂದು ಬರೆದರು. ಬೇರೆಯವರಾಗಿದ್ದರೆ ಅಲ್ಲಿಗೆ ಸಹಿ ಹಾಕುತ್ತಿದ್ದರು. ಅವರಿಗೆ ಮಾತ್ರ ಕಡತದಲ್ಲಿ ಇಲ್ಲದ ಹುಡುಗಿಯದೇ ಕುತೂಹಲ. ಒಂದೇ ಕಾಯಿಲೆ, ಒಂದೇ ಬಸ್ಸು, ಒಂದೇ ಹರಕೆ. ಹಾಗಿದ್ದರೆ ವ್ಯತ್ಯಾಸ ಎಲ್ಲಿ? ಒಂದು ದಿನ ಅವರು ಹೋಗಿ ರೊಸಾಲ್ಬಾಳ ತಾಯಿಯ ಬಾಗಿಲು ತಟ್ಟಿದರು. ಅವರ ಹೆಸರು ವಿತೀನಾ, ಊರಿನ ಬ್ರೆಡ್ ಭಟ್ಟಿ ನಡೆಸುತ್ತಿದ್ದ ವಿಧವೆ. ಬಾಗಿಲು ತೆರೆಯದೆ ಕಿಟಕಿಯಿಂದಲೇ ಮಾತನಾಡಿದರು.

"ನೀವು ಮನೆ ತಪ್ಪಿ ಬಂದಿದೀರಿ. ಪವಾಡ ಆಗಿದ್ದು ಮೇಲಿನ ಬೀದೀಲಿ."

"ಗೊತ್ತು. ನಾನು ಇಲ್ಲಿಗೇ ಬಂದೆ."

"ಯಾಕೆ?"

"ನಿಮ್ಮನ್ನ ಯಾರೂ ಏನೂ ಕೇಳಲಿಲ್ಲವಲ್ಲ, ಅದಕ್ಕೆ."

ಆ ದಿನ ಕಿಟಕಿ ಮುಚ್ಚಿತು. ಮೂರು ವಾರ ಬಿಟ್ಟು ಮತ್ತೆ ಹೋದಾಗ ಬಾಗಿಲು ತೆರೆಯಿತು. ವಿತೀನಾ ಹಿಟ್ಟು ನಾದುವುದನ್ನು ನಿಲ್ಲಿಸದೆ, ಮುಖ ಎತ್ತದೆ, ಎರಡು ವರ್ಷದಿಂದ ಯಾರಿಗೂ ಹೇಳದಿದ್ದುದನ್ನು ಹೇಳಿದರು. ಬೆಟ್ಟದ ಕೊನೆಯ ತಿರುವಿನಲ್ಲಿ ಅವರ ಅಂಗಾಲು ಸೀಳಿ ರಕ್ತ ಸುರಿಯತೊಡಗಿತ್ತು. ಚೀಲದಲ್ಲಿದ್ದ ಚಪ್ಪಲಿ ತೆಗೆದು ಹಾಕಿಕೊಂಡಿದ್ದರು.

"ಮುನ್ನೂರು ಹೆಜ್ಜೆ ಇರಬೇಕು, ಅಷ್ಟೇ. ಫಿಲಿಪ್ಪಾ ಹಾಕ್ಕೊಳ್ಲಿಲ್ಲ. ಅವಳ ಮಗಳು ಉಳಿದ್ಲು. ಇದರಲ್ಲಿ ಕೇಳೋದೇನಿದೆ ಡಾಕ್ಟ್ರಮ್ಮ?"

ಮಣ್ಣು ಕೊಡುವ ದಿನ ಗುರು ಜೆರಾರ್ದೊ ಅವರು ಸದುದ್ದೇಶದಿಂದಲೇ, ವಿಶ್ವಾಸ ಇನ್ನೂ ಗಟ್ಟಿಯಾಗಬೇಕು ತಾಯಿ, ಎಂದಿದ್ದರಂತೆ. ವಿತೀನಾ ಆ ಮಾತನ್ನು ಚಪ್ಪಲಿಯ ಜೊತೆ ಸೇರಿಸಿಕೊಂಡು ಎರಡು ವರ್ಷ ಬೇಯುತ್ತಿದ್ದರು. ದೇವರು ಅಷ್ಟು ಸಣ್ಣವನಲ್ಲ ಎಂದು ಹೇಳಬೇಕೆಂದು ಡಾ. ತೆಲೆಸ್ಕಾ ಅವರ ಬಾಯಿಗೆ ಬಂದಿತ್ತು. ಆದರೆ ದೇವರು ಎಷ್ಟು ದೊಡ್ಡವನೆಂದು ತಾನೆಲ್ಲಿ ಕಂಡಿದ್ದೇನೆ ಎನ್ನಿಸಿ ಸುಮ್ಮನಾದರು. ಪರೀಕ್ಷಿಸಬಹುದಾದದ್ದು ಒಂದಿತ್ತು. ಅದನ್ನು ಪರೀಕ್ಷಿಸಲು ಮರುದಿನವೇ ಮೇಲಿನ ಬೀದಿಗೆ ಹೋದರು.

"ಆವತ್ತು ಪೂರ್ತಿ ಬರಿಗಾಲಲ್ಲೇ ಹತ್ತಿದ್ರಾ ಫಿಲಿಪ್ಪಾ?"

ಆಣೆಯಿಟ್ಟು ಹೇಳಿಕೆ ಕೊಡಬೇಕಾದ ವಿಚಾರಣೆ ಅದು. ಫಿಲಿಪ್ಪಾ ತಮ್ಮ ಏಪ್ರನ್ನಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತು, ಆಮೇಲೆ ಅಳತೊಡಗಿದರು. ಅವರು ಅರ್ಧವೂ ನಡೆದಿರಲಿಲ್ಲ. ಒರತೆಯ ಹತ್ತಿರ ತಲೆ ಸುತ್ತಿ ಕುಳಿತಾಗ ಹಿಂದಿನಿಂದ ಬಂದ ಟ್ರ್ಯಾಕ್ಟರಿನ ಟ್ರೇಲರ್ ಏರಿ, ಇಗರ್ಜಿಗೆ ಇನ್ನೂರು ಗಜ ಇರುವಾಗ ಇಳಿದು, ಮಿಕ್ಕವರ ಜೊತೆ ಸೇರಿಕೊಂಡಿದ್ದರು. ಮಗಳಿಗೆ ವಾಸಿಯಾದ ಮೇಲೆ ಊರೇ ಅವರನ್ನು ಕೊಂಡಾಡತೊಡಗಿದಾಗ ಇಲ್ಲವೆನ್ನಲು ಬಾಯಿ ಬಂದಿರಲಿಲ್ಲ.

ಹೇಳಿಕೆಗಳು ಗುಟ್ಟಾಗಿರಬೇಕೆಂಬುದು ಮಂಡಳಿಯ ನಿಯಮ. ಡಾ. ತೆಲೆಸ್ಕಾ ಅದನ್ನು ಮುರಿಯುವವರಲ್ಲ. ಇದನ್ನು ನೀವೇ ವಿತೀನಾಗೆ ಹೇಳಬೇಕು ಎಂದು ಫಿಲಿಪ್ಪಾರನ್ನು ಕೇಳಿಕೊಂಡರು. ಫಿಲಿಪ್ಪಾ ಬೆಚ್ಚಿದರು.

"ನಾನು ಬಾಯಿ ಬಿಟ್ಟು, ಆಮೇಲೆ ಮೇಲಿರೋನು ಕೊಟ್ಟಿದ್ದನ್ನ ವಾಪಸ್ ತಗೊಂಡ್ರೆ?"

"ನೀವು ಹೇಳಿದ ಮಾರನೇ ದಿನ ದೊನಾತಾಳ ರಕ್ತ ಪರೀಕ್ಷೆ ಮಾಡ್ತೀನಿ. ಆಮೇಲೆ ವಾರಕ್ಕೊಂದು ಸಲ, ನೀವು ಸಾಕು ಅನ್ನೋವರೆಗೆ."

"ಅದು ದೇವರನ್ನೇ ಪರೀಕ್ಷೆ ಮಾಡಿದ ಹಾಗಲ್ವಾ?"

"ದೇವರನ್ನಲ್ಲ ಫಿಲಿಪ್ಪಾ. ನಿಮ್ಮ ಭಯಾನ."

ಒಪ್ಪಲು ಅವರಿಗೆ ಒಂದು ತಿಂಗಳು ಬೇಕಾಯಿತು. ಒಂದು ಬೆಳಿಗ್ಗೆ ಬ್ರೆಡ್ಡೆಲ್ಲ ಹೊರಗೆ ಬಂದು ಭಟ್ಟಿ ಆರುತ್ತಿದ್ದ ಹೊತ್ತಿಗೆ ಮೂವರೂ ವಿತೀನಾರ ಅಂಗಡಿಯ ಹಿಂದೆ ಕುಳಿತರು. ಫಿಲಿಪ್ಪಾ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ವಿತೀನಾ ಕೈಗೆ ಹತ್ತಿದ ಹಿಟ್ಟನ್ನು ಉಜ್ಜಿ ತೆಗೆಯುತ್ತ ಕೇಳಿದ್ದು ಒಂದೇ ಮಾತು.

"ಯಾರ ಟ್ರ್ಯಾಕ್ಟರು?"

"ಕಾನಿಯೋದು ಕಣೇ."

"ಅದು ನನ್ನ ಪಕ್ಕದಲ್ಲೇ ಹೋಯ್ತು. ಧೂಳು ಎಬ್ಬಿಸಿದ ಅಂತ ಅವನನ್ನ ಬೈದೆ. ಟ್ರೇಲರ್‌ನಲ್ಲಿ ಯಾರಿದಾರೆ ಅಂತ ನೋಡ್ಲಿಲ್ಲ."

ವಿತೀನಾರ ಮನಸ್ಸು ಹಗುರವಾಗುತ್ತದೆಂದು ಡಾ. ತೆಲೆಸ್ಕಾ ಕಾಯುತ್ತಿದ್ದರು. ಆದರೆ ವಿತೀನಾ ಅವರ ಕಡೆಗೆ ತಿರುಗಿದಾಗ ಮುಖ ಬಿಳಿಚಿಕೊಂಡಿತ್ತು.

"ಚಪ್ಪಲಿಯಿಂದ ಅಂತಾದ್ರೂ ಇತ್ತು. ಈಗ ಅದೂ ಇಲ್ಲ. ಹಾಗಾದ್ರೆ ಯಾಕೆ? ಸುಮ್ಮನೇನಾ?"

ತಪ್ಪಿತಸ್ಥೆಯಾಗಿರುವುದು ಕೆಲವರಿಗೆ ಕಾರಣವಿಲ್ಲದಿರುವುದಕ್ಕಿಂತ ಸಹ್ಯವೆಂಬುದು ಡಾ. ತೆಲೆಸ್ಕಾ ಅವರಿಗೆ ಆಗ ಹೊಳೆಯಿತು. ದುಃಖದಲ್ಲಿರುವವರ ಕೈಯಿಂದ ಸುಳ್ಳು ಕಾರಣವೊಂದನ್ನು ಕಿತ್ತುಕೊಂಡೆ, ಬದಲಿಗೆ ಇಡಲು ನನ್ನ ಬಳಿ ಏನೂ ಇರಲಿಲ್ಲ ಎಂದು ಅವರು ಮುಂದೆ ಕಿರಿಯ ವೈದ್ಯರೆದುರು ಅನೇಕ ಸಲ ಒಪ್ಪಿಕೊಂಡಿದ್ದಾರೆ. ತಾನು ಮಾಡಿದ್ದು ಸರಿಯೇ ಎಂಬ ಅನುಮಾನದಲ್ಲಿ ಹದಿನೈದು ದಿನ ಅವರಿಗೆ ಆಸ್ಪತ್ರೆಯ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಅದರ ನಡುವೆಯೂ ಕೊಟ್ಟ ಮಾತಿನಂತೆ ದೊನಾತಾಳ ರಕ್ತ ಪರೀಕ್ಷೆ ಮಾಡಿದರು. ಮೂರು ಸಲವೂ ರಕ್ತ ಸರಿಯಾಗಿಯೇ ಇತ್ತು.

ಹದಿನಾರನೆಯ ದಿನ ವಿತೀನಾ ಬಸ್ಸು ಹಿಡಿದು ಆಸ್ಪತ್ರೆಗೇ ಬಂದರು. ಕಂಕುಳಲ್ಲಿ ಬಟ್ಟೆ ಸುತ್ತಿದ ದೊಡ್ಡ ಬ್ರೆಡ್ಡಿತ್ತು. ಸರದಿಯಲ್ಲಿ ಕಾದು, ಒಳಗೆ ಬಂದು, ಕುಳಿತುಕೊಳ್ಳದೆ ಹೇಳಿದರು: "ಎರಡು ವರ್ಷ ನನ್ನ ಕಾಲಿನ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ ಡಾಕ್ಟ್ರಮ್ಮ. ಈಗ ದೇವರ ಮೇಲೆ ಬಂದಿದೆ. ದಿನಾ ಬೆಳಿಗ್ಗೆ ಹಿಟ್ಟು ನಾದ್ತಾ ಬೈತೀನಿ. ಇದು ಪಾಪಾನಾ?"

"ನಂಗೆ ಗೊತ್ತಿಲ್ಲ ವಿತೀನಾ."

"ನಂಗೂ ಗೊತ್ತಿಲ್ಲ. ಆದ್ರೆ ಅವನು ತಡ್ಕೋತಾನೆ. ನನ್ನ ಕಾಲಿಗೆ ಆಗ್ತಿರ್ಲಿಲ್ಲ."

ಬ್ರೆಡ್ಡನ್ನು ಮೇಜಿನ ಮೇಲಿಟ್ಟು ಹೊರಟುಹೋದರು.

೧೯೯೭ರ ಮಾರ್ಚ್‌ನಲ್ಲಿ ಮಂಡಳಿ ಸೇರಿತು. ಡಾ. ತೆಲೆಸ್ಕಾ ಅವರ ವರದಿ ಒಂದೂವರೆ ಪುಟದ್ದು. ಗುಣವಾಗಿರುವುದು ನಿಜ, ವೈದ್ಯಶಾಸ್ತ್ರಕ್ಕೆ ಅದರ ಕಾರಣ ಸಿಕ್ಕಿಲ್ಲ, ಅಕ್ಕಪಕ್ಕದ ಮಂಚದ ಇಬ್ಬರು ಮಕ್ಕಳಲ್ಲಿ ಒಬ್ಬಳು ಉಳಿದು ಇನ್ನೊಬ್ಬಳು ಏಕೆ ಉಳಿಯಲಿಲ್ಲವೆಂದು ಮಂಡಳಿಯು ವಿಚಾರಿಸಿದೆ, ತಿಳಿದುಬಂದಿಲ್ಲ, ಯಾರ ವಿಶ್ವಾಸವನ್ನೂ ಅಳೆಯಲು ಮಂಡಳಿಯ ಬಳಿ ಸಾಧನವಿಲ್ಲವಾದ್ದರಿಂದ 'ಪ್ರತಿಫಲ' ಎಂಬ ಪದವನ್ನು ಎಲ್ಲಿಯೂ ಬಳಸಕೂಡದು.

ಗುರು ಜೆರಾರ್ದೊ ಅವರಿಗೆ ಇದು ಹಿಡಿಸಲಿಲ್ಲ. "ಗೊತ್ತಿಲ್ಲ ಅಂತ ಬರೆಯೋಕೆ ಒಂದು ಮಂಡಳಿ ಯಾಕೆ ಬೇಕು? ಬೆಟ್ಟ ಹತ್ತಿ ಬರೋ ಜನ ನಮ್ಮಿಂದ ಉತ್ತರ ಕೇಳ್ತಾರೆ."

"ಒಳಗೆ ಹೋಗಿ ಶಿಲುಬೆ ನೋಡಿ ಫಾದರ್," ಎಂದರು ಡಾ. ತೆಲೆಸ್ಕಾ, ವಾದದ ದನಿಯಲ್ಲಲ್ಲ, ತಮಗೇ ಆಗ ತಾನೇ ಹೊಳೆದವರ ಹಾಗೆ. "ಅದರ ಮೇಲಿರೋರೂ ಕೊನೇಲಿ ತಂದೇನ ಯಾಕೆ ಕೈಬಿಟ್ಟೆ ಅಂತಾನೇ ಕೇಳಿದ್ದು. ಮೇಲಿಂದ ಉತ್ತರ ಬಂತು ಅಂತ ಯಾರೂ ಬರೆದಿಟ್ಟಿಲ್ಲ. ಅವರಿಗೆ ಸಿಗದೇ ಇದ್ದಿದ್ದು ನನಗೆ ಸಿಕ್ತು ಅಂತ ನಾನು ಹ್ಯಾಗೆ ಸಹಿ ಹಾಕ್ಲಿ?"

"ಮೂರನೇ ದಿನ ಸಮಾಧಿ ತೆರೆದು ಬಂತಲ್ಲ ಉತ್ತರ," ಎಂದರು ಗುರುಗಳು.

"ಬಂತು. ಅಲ್ಲೀವರೆಗೆ ಅವರ ತಾಯಿಗೆ ಯಾರೂ ನಿನ್ನ ವಿಶ್ವಾಸ ಸಾಲದು ಅನ್ನಲಿಲ್ಲ."

ಗುರು ಜೆರಾರ್ದೊ ತಲೆ ತಗ್ಗಿಸಿದರು. ಅಧ್ಯಕ್ಷತೆ ವಹಿಸಿದ್ದ ಸಾಂತಾರ್ಸಿಯೆರೊ ಅವರು ಕನ್ನಡಕ ತೆಗೆದು ಒರೆಸಿ, ವರದಿಯನ್ನು ಇದ್ದ ಹಾಗೆಯೇ ಅಂಗೀಕರಿಸಿದರು. ಫಲಕ ಏಳಲಿಲ್ಲ. ಮುಂದಿನ ವಾರ ಗುರು ಜೆರಾರ್ದೊ ಅವರು ಒಬ್ಬರೇ ಕೆಳಗಿನ ಊರಿಗೆ ಹೋಗಿ ವಿತೀನಾರ ಅಂಗಡಿಯಲ್ಲಿ ಒಂದು ಗಂಟೆ ಕುಳಿತಿದ್ದರಂತೆ. ಏನು ಮಾತಾಯಿತೆಂದು ಇಬ್ಬರೂ ಯಾರಿಗೂ ಹೇಳಿಲ್ಲ. ಫಿಲಿಪ್ಪಾ ಅವರಾದರೋ ಈಗ ಪ್ರತಿ ಸೆಪ್ಟೆಂಬರ್‌ನಲ್ಲಿ ಬೆಟ್ಟದ ಬಸ್ಸಿನಲ್ಲಿ ಕಾಲು ನೋವೆನ್ನುವ ಹೆಂಗಸರಿಗೆಲ್ಲ ತಮ್ಮ ಟ್ರ್ಯಾಕ್ಟರಿನ ಕಥೆಯನ್ನು ತಾವೇ ಹೇಳಿ ಚಪ್ಪಲಿ ಹಾಕಿಸುತ್ತಾರೆ.

ಅಂದಿನಿಂದ ಡಾ. ತೆಲೆಸ್ಕಾ ತಮ್ಮ ಕಾರ್ಯವಿಧಾನಕ್ಕೆ ಒಂದು ಪ್ರಶ್ನೆ ಸೇರಿಸಿದರು. ವಾಸಿಯಾಯಿತೆಂದು ಬಂದ ಪ್ರತಿಯೊಬ್ಬರನ್ನೂ, ನಿಮ್ಮ ಜೊತೆ ಬಸ್ಸಿನಲ್ಲಿ ಇನ್ಯಾರು ಬಂದಿದ್ದರು, ಎಂದು ಕೇಳುತ್ತಿದ್ದರು. ಆಮೇಲೆ ಆ ಮನೆಗಳಿಗೆ ಹೋಗುತ್ತಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಅಂಥ ಮನೆಗಳು ನಾನೂರಕ್ಕೂ ಹೆಚ್ಚು. ದೇವರು ನ್ಯಾಯವಂತನೆಂಬುದನ್ನು ಅವರು ಆ ಮನೆಗಳಲ್ಲಿ ಸಮರ್ಥಿಸಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಮೆಣಸಿನಕಾಯಿ ಹುರಿದು ಹಾಕಿದ ಕಡಲೆಯ ಊಟ ಮಾಡಿ, ಹೋದವರ ಹೆಸರು, ಹುಟ್ಟಿದ ದಿನ, ಇಷ್ಟವಾಗಿದ್ದ ತಿಂಡಿ ಕೇಳಿ ತಿಳಿದುಕೊಂಡು ಬರುತ್ತಿದ್ದರು. ದೊನಾತಾ ಹದಿನಾರನೆಯ ವಯಸ್ಸಿನಲ್ಲಿ ಅವರ ಬಳಿ ಬಂದು, ನಾನೇ ಯಾಕೆ ಉಳಿದೆ, ಎಂದು ಕೇಳಿದಾಗಲೂ ಅವರು ಉಪದೇಶ ಮಾಡಲಿಲ್ಲ; ರೊಸಾಲ್ಬಾ ಹೇಗಿದ್ದಳು ಹೇಳು, ನಾನು ಅವಳನ್ನು ನೋಡಿಲ್ಲ, ಎಂದರು. ಆ ಹುಡುಗಿ ಮಧ್ಯಾಹ್ನವೆಲ್ಲ ಗೆಳತಿಯ ಬಗ್ಗೆ ಮಾತನಾಡಿದಳು. ಈಗ ಅವಳೇ ಇಬ್ಬರು ಮಕ್ಕಳ ತಾಯಿ.

ಡಾ. ತೆಲೆಸ್ಕಾ ಅವರಿಗೆ ದೀರ್ಘಾಯುಸ್ಸನ್ನೂ, ಬೆಟ್ಟದೂರುಗಳ ಏರುದಾರಿಗೆ ಬೇಕಾದ ಕಾಲಿನ ಕಸುವನ್ನೂ, ಕೇಳಿದಷ್ಟೂ ಮುಗಿಯದ ಅವರ ಕುತೂಹಲ ಹಾಗೆಯೇ ಉಳಿಯಲೆಂದೂ ಈ ಸಂಪುಟದ ಲೇಖಕರೆಲ್ಲರೂ ಹಾರೈಸುತ್ತಾರೆ. ನಿವೃತ್ತಿಯ ಮರುವಾರವೇ ಅವರು ಕಣಿವೆಯಾಚೆಯ ಯಾವುದೋ ಮನೆಗೆ ಬಸ್ಸು ಹತ್ತಿದ್ದಾರೆಂಬ ಸುದ್ದಿ ಬಂದಿರುವುದರಿಂದ ಹಾರೈಕೆ ವ್ಯರ್ಥವಾಗುವ ಭಯವಿಲ್ಲ.

ಸಂಪಾದಕರು ಈ ಲೇಖನಕ್ಕೆ ಒಪ್ಪಿಗೆ ಕೇಳಲು ವಿತೀನಾ ಅವರ ಅಂಗಡಿಗೆ ಹೋಗಿದ್ದರು. ಅರವತ್ತು ದಾಟಿದ ಅವರು ಈಗಲೂ ಭಟ್ಟಿಯ ಮುಂದೆಯೇ ಇದ್ದಾರೆ. ಎಲ್ಲ ಓದಿಸಿಕೊಂಡು ಕೇಳಿ, ಇರಲಿ ಎಂದರು. ಇನ್ನೇನು ಹೊರಡಬೇಕೆನ್ನುವಾಗ ಮತ್ತೆ ಕರೆದರು.

"ಇನ್ನೊಂದು ಸೇರಿಸಿ. ಇಷ್ಟು ವರ್ಷ ಡಾಕ್ಟ್ರಮ್ಮ ನಮ್ಮನೆಗೆ ಬಂದಿದಾರೆ, ಒಂದು ದಿನಾನೂ ನಂಗೆ ಸಮಾಧಾನ ಹೇಳಿಲ್ಲ. ಹಾಗೆ ಬರೀರಿ. ಅವ್ರಿಗೆ ಅರ್ಥ ಆಗುತ್ತೆ."