ಇಂಡಿಯ ‘ನೋಡೂಣ್ರಿ’

“ಮನಿ ಕೊಡೂದಿಲ್ರಿ. ಒಬ್ಬಾಕಿ ಹೆಣ್ಮಗಳಿಗೆ ನಾವು ಕೊಡಾಂಗಿಲ್ಲ.” ಇಂಡಿ ಪಟ್ಟಣದಲ್ಲಿ ಬಾಡಿಗೆ ಮನೆ ಕೇಳಿದ ಮೊದಲ ಬಾಗಿಲಲ್ಲೇ ಮುಖಕ್ಕೆ ಹೊಡೆದಂತೆ ಉತ್ತರ ಬಂತು. ಬೆನ್ನಿಗೇ ಅದೇ ಹೆಂಗಸು, “ಬಿಸಲಾಗ ಬಂದೀರಿ, ಚಾ ಕುಡದು ಹೋಗ್ರಿ,” ಎಂದು ಒಳಗೆ ಕರೆದರು. ನಮ್ಮ ಮೈಸೂರಿನಲ್ಲಾದರೆ ಚಹಾ ಇರುತ್ತಿರಲಿಲ್ಲ, ‘ಇಲ್ಲ’ ಎಂಬ ಮಾತೂ ಇರುತ್ತಿರಲಿಲ್ಲ. “ನೋಡೋಣ” ಎಂದು ನಕ್ಕು ಬಾಗಿಲು ಹಾಕಿಕೊಳ್ಳುತ್ತಿದ್ದರು. ಎರಡನೇ ಮನೆಯ ಯಜಮಾನರು “ನೋಡೂಣ್ರಿ” ಅಂದಾಗ ಇದೂ ಹೋಯಿತು ಎಂದುಕೊಂಡು ಲಾಡ್ಜಿಗೆ ಮರಳಿದೆ. ಮರುದಿನ ಅವರೇ ಬೀಗದ ಕೈ ಹಿಡಿದು ನನ್ನನ್ನು ಹುಡುಕಿಕೊಂಡು ಬಂದರು. ಮನೆಯಲ್ಲಿ ನಿಜವಾಗಿಯೂ ಕೇಳಿ ನೋಡಿದ್ದರಂತೆ.

ಸಾವಿತ್ರಿ ಹೇಗೆ ಮೋಸಹೋದಳೆಂದು ಆಗ ತಿಳಿಯಿತು. ಇಂಡಿ ಹತ್ತಿರದ ಹೊರ್ತಿಯ ಈ ಹುಡುಗಿ ನಿಂಬೆಹಣ್ಣು ವಿಂಗಡಿಸುವ ಯಂತ್ರ ಮಾಡಿ, ನಾನು ಪಾಲುದಾರಳಾಗಿದ್ದ ಬೆಂಗಳೂರಿನ ಹೂಡಿಕೆ ಕಂಪನಿಗೆ ಬಂದಿದ್ದಳು. ನಾನೂ ಎಂಜಿನಿಯರೇ, ಕೋಡ್ ಬರೆಯುವುದು ಬಿಟ್ಟು ಸ್ಟಾರ್ಟಪ್‌ಗಳಿಗೆ ಹಣ ಹೂಡುವ ಕೆಲಸ ಹಿಡಿದವಳು. ನಾನಿಲ್ಲದ ದಿನ ಇನ್ನೊಬ್ಬ ಪಾಲುದಾರ ಶ್ರೀನಿಧಿ ಅವಳಿಗೆ “ನೋಡೋಣ” ಅಂದ. ಅವಳು ನಂಬಿ ಒಂದು ಹಂಗಾಮು ಪೂರ್ತಿ ಕಾದಳು. ಅಷ್ಟರಲ್ಲಿ ಅವನು ಅವಳ ವಿನ್ಯಾಸವನ್ನು ತನ್ನ ಭಾವಮೈದುನನ ಕಂಪನಿಗೆ ದಾಟಿಸಿದ್ದ. ಕೇಳಿದ್ದಕ್ಕೆ ನನ್ನನ್ನೂ ಹೊರಗೆ ಹಾಕಿದ. ಹಗೆ ತೀರಿಸಿಕೊಳ್ಳಲೆಂದೇ ಇಂಡಿಗೆ ಬಂದೆ. ಉಳಿತಾಯವನ್ನೆಲ್ಲ ಸಾವಿತ್ರಿ ಯಂತ್ರವಿಟ್ಟು ಹಣ್ಣು ವಿಂಗಡಿಸುವ ಶೆಡ್ಡಿಗೆ ಸುರಿದೆ.

ಮೊದಮೊದಲು ಇಲ್ಲಿನ ಮಾತು ಜಗಳದಂತೆ ಕೇಳುತ್ತಿತ್ತು. ಅನ್ನ ಕೇಳಿದರೆ ಜೋಳದ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ಸುರಿದು “ಇದನ್ನ ಉಣ್ರಿ” ಅನ್ನುತ್ತಿದ್ದರು. ಭಾನುವಾರಗಳಂದು ಮಾತಿಗೆ ಯಾರೂ ಇಲ್ಲದೆ ಸಿಂದಗಿಯ ಬಸ್ಸು ಹತ್ತಿ ಸುಮ್ಮನೆ ತಿರುಗಿ ಬರುತ್ತಿದ್ದೆ. ಒಂದು ದಿನ ಕಿರಾಣಿ ಅಂಗಡಿಯಲ್ಲಿ “ಸಕ್ಕರಿ ಐತೇನ್ರಿ?” ಅಂದೆ. ಯಾವ ಊರೆಂದು ಅವತ್ತು ಯಾರೂ ಕೇಳಲಿಲ್ಲ. ಮನೆಗೆ ಬಂದು ಒಬ್ಬಳೇ ನಕ್ಕೆ.

ಆಮೇಲೆ ಶ್ರೀನಿಧಿ ಆ ಕದ್ದ ವಿನ್ಯಾಸದ ಯಂತ್ರ ಮಾರಲು ಹೊರ್ತಿಗೇ ಬಂದ. ನಿಂಬೆ ಬೆಳೆಗಾರರು ಅವನ ಯಂತ್ರ ಒಪ್ಪಿದರೆ ಸಾವಿತ್ರಿಯ ಶೆಡ್ಡು ಮುಚ್ಚಿದಂತೆಯೇ. ಬೆಳೆಗಾರರ ಸಭೆಗೆ ನಾನೂ ಹೋಗಿದ್ದೆ. ಅವರ ಹಿರಿಯ ಮಲ್ಲಪ್ಪ ಎಲ್ಲ ಕೇಳಿ, “ನೋಡೂಣ್ರಿ,” ಅಂದರು. ಇವರು ನಿಜವಾಗಿಯೂ ನೋಡುವವರೆಂದು ನನಗೆ ಗೊತ್ತಿತ್ತು. ಆದರೆ ಶ್ರೀನಿಧಿಯ ಮುಖ ಇಳಿದಿತ್ತು. ಅವನಿಗೆ ಕೇಳಿಸಿದ್ದು ನಮ್ಮ ಕಡೆಯ ‘ನೋಡೋಣ’.

“ಆಗಲ್ಲ ಅಂತ ತಾನೇ?” ಎಂದು ನನ್ನತ್ತ ತಿರುಗಿದ.

“ಆ ಮಾತಿನ ಅರ್ಥ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?” ಎಂದೆ.

ಅವನು ಕಾರು ಹತ್ತಿದ. ನನ್ನ ಹೊಟ್ಟೆ ತಣ್ಣಗಾಯಿತು.

ಬೆಳೆಗಾರರು ಅವನಿಗಾಗಿ ಕಾದರು. ಹಣ್ಣು ಕೊಯ್ಲಿಗೆ ಬಂದಾಗ ಸಾವಿತ್ರಿಯ ಶೆಡ್ಡಿಗೆ ಬಂದರು. ಚೀಲ ಇಳಿಸುತ್ತಾ ಮಲ್ಲಪ್ಪ ಹೇಳಿದರು, “ನಿಮ್ಮ ಕಡೆ ಸಾಹೇಬ್ರು ಹೊಳ್ಳಿ ಬರಲೇ ಇಲ್ಲಲ್ರಿ. ನಾವು ಹಾದಿ ಕಾದ್ವಿ. ನೀವು ಹಂಗಲ್ಲ ಬಿಡ್ರಿ. ನೀವು ನಮ್ಮವ್ರಾದ್ರಿ.”

ಈ ಮಾತಿಗಾಗಿಯೇ ಇಷ್ಟು ದಿನ ಹಂಬಲಿಸಿದ್ದೆ. ಅವರವಳೇ ಆಗಿದ್ದರೆ, ಅವನನ್ನು ತಪ್ಪು ತಿಳಿದು ಹೋಗಲು ಬಿಟ್ಟವಳು ನಾನೇ ಎಂಬ ನಿಜವನ್ನು ಆಗಲೇ ಹೇಳಿಬಿಡುತ್ತಿದ್ದೆ. ಮೈಸೂರಿನವಳಂತೆ ನಕ್ಕು ಸುಮ್ಮನಾದೆ.