ಹಾಲಿನ ಪಕ್ಕದ ಲೀಕ್

ಆಸ್ಪತ್ರೆಯ ಅಡುಗೆಮನೆಯಲ್ಲಿ ದೊಡ್ಡಕ್ಕನ ಮೂಗಿಗೆ ಸಿಕ್ಕಿಬೀಳದ ತಪ್ಪೇ ಇರಲಿಲ್ಲ. ಹಾಲು ಕೆಡುವ ಮೊದಲೇ, ಅನ್ನ ತಳ ಹಿಡಿಯುವ ಮೊದಲೇ ಬಾಗಿಲಲ್ಲಿ ನಿಂತು ಹೇಳಿಬಿಡುತ್ತಿದ್ದಳು. ಇಪ್ಪತ್ತೆರಡು ವರ್ಷ ಒಲೆಯ ಮುಂದಿನ ಜಾಗ ಅವಳದಾಗಿದ್ದುದು ಆ ಮೂಗಿನ ದಯೆಯಿಂದ. ಆರು ವಾರದ ಹಿಂದೆ ಒಂದು ಜ್ವರ ಬಂತು, ಹೋಯಿತು. ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ದೊಡ್ಡಕ್ಕ ಯಾರೆದುರೂ ತುಟಿ ಪಿಟಕ್ಕೆನ್ನಲಿಲ್ಲ. ಗೊತ್ತಾದರೆ ಒಲೆ ಕೈತಪ್ಪುತ್ತದೆ.

ದುಃಖವಾಯಿತೇ ಎಂದರೆ ಅದೂ ಇಲ್ಲ. ಊಟ ಸಪ್ಪೆಯಾಗಿ ಗಂಟಲಿಳಿಯುತ್ತಿತ್ತು, ದಿನಗಳೂ ಹಾಗೆಯೇ. ಕೆಲಸವನ್ನು ಕಣ್ಣು, ಕೈ ನೋಡಿಕೊಂಡವು. ಅದರಲ್ಲೂ ಲೀಕ್ ಬಂದ ದಿನ ಅವಳಿಗೆ ನಿರಾಳ. ಈರುಳ್ಳಿ ಜಾತಿಯ ಈ ಉದ್ದ ಬಿಳಿ ದಂಟು ಕೈಗೇ ಎಲ್ಲ ಹೇಳುತ್ತದೆ: ತಾಜಾ ಇದ್ದರೆ ಒತ್ತಿದಾಗ ಕಿರುಗುಟ್ಟುತ್ತದೆ, ಹಳತಾದರೆ ಲೋಳೆ. ಬೇರು ಕತ್ತರಿಸದೆ, ತೊಳೆಯದೆ, ಬಟ್ಟೆ ಸುತ್ತಿ ತಂಪಿನಲ್ಲಿಟ್ಟರೆ ಒಂದು ವಾರಕ್ಕೆ ಮೋಸವಿಲ್ಲ. ಬೇಯಿಸುವಾಗ ಉದ್ದಕ್ಕೆ ಸೀಳಿ, ಪದರ ಬಿಡಿಸಿ ಮಣ್ಣು ತೊಳೆದು, ಸಣ್ಣ ಉರಿಯಲ್ಲಿ ಬೆಣ್ಣೆಗೆ ಹಾಕಬೇಕು. ಕೆಂಪಾಗುವ ಮುಂಚೆ ಮೆತ್ತಗಾದರೆ ರೋಗಿಗಳ ಸೂಪಿಗೆ ಸಾಕು. ಇದಕ್ಕೆಲ್ಲ ಮೂಗು ಯಾಕೆ ಬೇಕು ಎಂದು ದೊಡ್ಡಕ್ಕ ಒಳಗೊಳಗೇ ಬೀಗುತ್ತಿದ್ದಳು.

ಆ ಮಂಗಳವಾರ ಮಧ್ಯಾಹ್ನ ಮೇಲ್ವಿಚಾರಕ ಕಸ್ಟರ್ಡ್ ಬಟ್ಟಲು ಹಿಡಿದು ಬಂದ.

"ಮೂಸಿ ನೋಡಿ ಇದನ್ನ. ವಾರ್ಡಿಂದ ನಲವತ್ತು ಬಟ್ಟಲೂ ವಾಪಸ್ ಬಂದಿವೆ."

ಅವನೇ ಫ್ರಿಜ್ ತೆರೆದ. ಹಾಲಿನ ಪಾತ್ರೆಗೆ ಒತ್ತಿಕೊಂಡು ಹೆಚ್ಚಿದ ಲೀಕಿನ ತಟ್ಟೆ, ಎರಡಕ್ಕೂ ಮುಚ್ಚಳವಿಲ್ಲ. ಕಸ್ಟರ್ಡಿಗೆ ಬಳಸಿದ ಹಾಲು ಲೀಕಿನ ನಾತವನ್ನೆಲ್ಲ ಎಳೆದುಕೊಂಡಿತ್ತು.

"ಯಾರಿಟ್ಟಿದ್ದು?"

"ನಾನೇ ಸರ್," ಅಂದಳು ತರಕಾರಿ ಹೆಚ್ಚುವವಳು.

ದೊಡ್ಡಕ್ಕ ಅವಳ ಮುಖ ನೋಡಿದಳು. ಹಿಂದಿನ ಸಂಜೆ ತಟ್ಟೆ ಇಟ್ಟವಳು ತಾನು. ಸುಮ್ಮನಿದ್ದರೆ ಒಲೆ ಉಳಿಯುತ್ತಿತ್ತು. ಆದರೆ ಇನ್ನೊಬ್ಬಳ ಅನ್ನಕ್ಕೆ ಕಲ್ಲು ಹಾಕುವಷ್ಟು ಅವಳು ಮರಗಟ್ಟಿರಲಿಲ್ಲ.

"ಇಟ್ಟಿದ್ದು ನಾನು. ಆರು ವಾರದಿಂದ ನಂಗೆ ವಾಸನೆ ಗೊತ್ತಾಗ್ತಿಲ್ಲ," ಅಂದಳು, ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ.

ಮೇಲ್ವಿಚಾರಕ ಕೂಗಾಡಲಿಲ್ಲ. "ನಾಳೆಯಿಂದ ಒಲೆ ಇವಳು ನೋಡ್ಕೊಳ್ಳಲಿ. ನೀವು ತರಕಾರಿ ಹೆಚ್ಚಿ," ಅಂದು ಹೊರಟುಹೋದ.

ಆಗಲೂ ದೊಡ್ಡಕ್ಕನಿಗೆ ಏನೂ ಅನ್ನಿಸಲಿಲ್ಲ. ನಲವತ್ತು ಬಟ್ಟಲುಗಳನ್ನು ಒಂದೊಂದಾಗಿ ಸಿಂಕಿಗೆ ಸುರಿದಳು.

"ನಿನ್ನದಲ್ಲದ ತಪ್ಪನ್ನ ಯಾಕೆ ಒಪ್ಕೊಂಡೆ?" ಎಂದು ತರಕಾರಿ ಹೆಚ್ಚುವವಳನ್ನು ಕೇಳಿದಳು.

"ನಂದೂ ಇದೆ ಅಕ್ಕ," ಅಂದಳು ಅವಳು, ಪಾತ್ರೆ ಉಜ್ಜುತ್ತ. "ದಿನಾ ನಿಮಗಿಂತ ಮುಂಚೆ ಬಂದು ಫ್ರಿಜ್ಜಲ್ಲಿರೋದನ್ನೆಲ್ಲ ಮೂಸಿ ನೋಡ್ತಿದ್ದೆ. ಕೆಟ್ಟಿದ್ದನ್ನ ಚೆಲ್ಲಿ ಬೇರೆ ಇಡ್ತಿದ್ದೆ. ಇವತ್ತು ಮಗಳಿಗೆ ಹುಷಾರಿರಲಿಲ್ಲ, ತಡ ಆಯ್ತು."

"ಎಷ್ಟು ದಿನದಿಂದ?"

"ನೀವು ಜ್ವರ ಬಿಟ್ಟು ಬಂದ ಮಾರನೇ ದಿನದಿಂದ. ಬಂದ ದಿನವೇ ನೀವು ಕೆಟ್ಟ ಹಾಲನ್ನ ಒಲೆಗಿಡೋಕೆ ಹೋಗಿದ್ದು ನೋಡಿದ್ದೆ."

ದೊಡ್ಡಕ್ಕನ ಕೈ ನಿಂತಿತು. ಆರು ವಾರದಲ್ಲಿ ಮೊದಲ ಸಲ ಅವಳಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಅಳು ನುಗ್ಗಿತು. ಒಲೆಯನ್ನು ತಾನೇ ಕಾಪಾಡಿಕೊಂಡೆ ಎಂದುಕೊಂಡಿದ್ದಳು; ಕಾಪಾಡಿದವಳು ಎದುರಿಗೆ ನಿಂತು ಪಾತ್ರೆ ಉಜ್ಜುತ್ತಿದ್ದಳು.